ಓದುಗರು ಕೇಳಿದ್ದು: ಕಾವಿ ಉಟ್ಟ ಪಾದ್ರಿಯನ್ನು ಕೊಂದಿದ್ದು ಯಾಕೆ?

ಹೋದ ಸಂಚಿಕೆಯ ‘ಈ ತಿಂಗಳ ದಿನಗಳು’ ಪಟ್ಟಿಯಲ್ಲಿ ಒಂದೇ ಒಂದು ಸಾಲು ಹಾಕಿದ್ದೆವು: ‘ಫೆಬ್ರವರಿ 4, ಸಂತ ಜಾನ್ ಡಿ ಬ್ರಿಟ್ಟೊ ಹಬ್ಬ. 1693ರಲ್ಲಿ ಇದೇ ದಿನ ಇವರ ತಲೆ ಕಡಿದರು.’ ಅಷ್ಟಕ್ಕೇ ಪತ್ರಗಳ ಮೇಲೆ ಪತ್ರ ಬಂದಿವೆ. ಕೆಲವರಿಗೆ ಕುತೂಹಲ, ಕೆಲವರಿಗೆ ಸಿಟ್ಟು, ಒಬ್ಬರಿಗಂತೂ ಎರಡೂ. ಹೆಸರು ಹಾಕಬೇಡಿ ಅಂತ ಒಂದಿಬ್ಬರು ಕೇಳಿಕೊಂಡಿದ್ದಾರೆ. ಹಾಗಾಗಿ ಯಾರ ಹೆಸರೂ ಬೇಡ, ಊರು ಸಾಕು.

ನಮ್ಮ ಪಕ್ಕದ ಮನೆಯವರು ತಮಿಳರು, ರೈಲ್ವೆಯಲ್ಲಿದ್ದು ರಿಟೈರ್ ಆದವರು. ಅವರ ಪಡಸಾಲೆಯಲ್ಲಿ ಒಂದು ಫೋಟೋ ಇದೆ. ಕೆಂಪು ಕಾವಿ, ತಲೆಗೆ ರುಮಾಲು, ಗಡ್ಡ, ಕೈಯಲ್ಲಿ ಕೋಲು. ಇಷ್ಟು ವರ್ಷ ನಾನು ಯಾರೋ ಮಠದ ಅಜ್ಜಾರು ಅಂದುಕೊಂಡಿದ್ದೆ. ನೀವು ಬರೆದಿದ್ದು ಇವರ ಬಗ್ಗೆನೇ ಅಂತ ಪಕ್ಕದ ಮನೆಯವರು ಹೇಳಿದರು. ಇವರ ಕಥೆ ಸ್ವಲ್ಪ ಬಿಡಿಸಿ ಹೇಳ್ತೀರಾ?
— ಕೇಶ್ವಾಪುರ, ಹುಬ್ಬಳ್ಳಿ

ನಿಮ್ಮ ನೆರೆಯವರು ಹೇಳಿದ್ದು ಸರಿ. ಅದು ಅವರದೇ ಫೋಟೋ ಇರಬೇಕು. ತಮಿಳಿನಲ್ಲಿ ಇವರನ್ನು ಅರುಳಾನಂದರ್ ಅಂತಾರೆ.

ಹುಟ್ಟಿದ್ದು 1647ರ ಮಾರ್ಚ್ 1, ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ. ದೊಡ್ಡ ಮನೆತನ. ತಂದೆ ಬ್ರೆಜಿಲ್‌ನಲ್ಲಿ ರಾಜನ ಕಡೆಯ ಅಧಿಕಾರಿಯಾಗಿದ್ದವರು, ಮಗ ಚಿಕ್ಕವನಿದ್ದಾಗಲೇ ಅಲ್ಲಿ ತೀರಿಕೊಂಡರು. ಹುಡುಗ ಬೆಳೆದಿದ್ದು ಅರಮನೆಯಲ್ಲಿ, ರಾಜಕುಮಾರ ಪೆದ್ರೊನ ಜೊತೆಗಾರನಾಗಿ. ಈ ಪೆದ್ರೊನೇ ಮುಂದೆ ಪೋರ್ಚುಗಲ್ ರಾಜನಾದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. ಹುಡುಗನಿಗೆ ಒಮ್ಮೆ ಬದುಕೋದೇ ಕಷ್ಟ ಅನ್ನುವಷ್ಟು ಕಾಯಿಲೆಯಾಯ್ತು. ತಾಯಿ ಸಂತ ಫ್ರಾನ್ಸಿಸ್ ಜೇವಿಯರ್‌ಗೆ ಹರಕೆ ಹೊತ್ತರು. ವಾಸಿಯಾದ ಮೇಲೆ ಹರಕೆಯಂತೆ ಮಗನಿಗೆ ಒಂದು ವರ್ಷ ಜೆಸ್ಯುಯಿಟ್ ಅನ್ನೋ ಕ್ಯಾಥೊಲಿಕ್ ಸಂಘದ ಪಾದ್ರಿಗಳ ನಿಲುವಂಗಿ ತೊಡಿಸಿದರು. ತಾಯಿಗೆ ಅದು ಹರಕೆ ಅಷ್ಟೇ. ಹುಡುಗ ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. 15ನೇ ವಯಸ್ಸಿಗೆ, 1662ರ ಡಿಸೆಂಬರ್‌ನಲ್ಲಿ, ಜೆಸ್ಯುಯಿಟ್ ಸಂಘ ಸೇರಿದ. ಮುಂದೆ ಇಂಡಿಯಾಕ್ಕೆ ಹೋಗುತ್ತೇನೆ ಅಂದಾಗ ಅದೇ ತಾಯಿ, ಪೋಪರ ಪ್ರತಿನಿಧಿಯ ತನಕ ಹೋಗಿ, ಹೇಗಾದರೂ ಮಾಡಿ ಇವನನ್ನು ನಿಲ್ಲಿಸಿ ಅಂತ ಕೇಳಿಕೊಂಡರು. ಆಗಲಿಲ್ಲ.

1673ರಲ್ಲಿ ಹಡಗು ಹತ್ತಿದರು. ಜೊತೆಗಿದ್ದ ಹಿರಿಯ ಪಾದ್ರಿ ಬಾಲ್ತಸಾರ್ ದ ಕೋಸ್ತಾ ದಾರಿಯಲ್ಲೇ, ಸಮುದ್ರದ ಮೇಲೇ ತೀರಿಹೋದರು. ಆ ಕಾಲದ ಹಡಗು ಪ್ರಯಾಣ ಅಂದರೆ ಹಾಗೇ, ಹತ್ತಿದವರೆಲ್ಲ ಇಳಿಯುತ್ತಾರೆ ಅನ್ನೋ ಖಾತ್ರಿ ಇರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಗೋವಾ. ಗೋವಾದಲ್ಲೇ ಆರಾಮಾಗಿ ಪಾಠ ಹೇಳಿಕೊಂಡು ಇರಬಹುದಿತ್ತು. ಬೇಡ ಅಂದು, ಕೇರಳದ ಅಂಬಳಕ್ಕಾಡಿನ ಮೂಲಕ ಘಟ್ಟ ದಾಟಿ, ಮಧುರೈ ಮಿಶನ್‌ಗೆ ಹೋದರು. ಅಲ್ಲಿ ಕಾವಿ ಉಟ್ಟರು, ಮಾಂಸ ಬಿಟ್ಟರು, ಅನ್ನ ಸೊಪ್ಪು ತರಕಾರಿ ಅಷ್ಟೇ ಊಟ, ಮಲಗೋದು ನೆಲದ ಮೇಲೆ, ಓಡಾಡೋದು ಕಾಲ್ನಡಿಗೆಯಲ್ಲಿ. ತಮಿಳು ಕಲಿತರು, ಹೆಸರೂ ಬದಲಾಯ್ತು.

ಹೀಗೇ ಹನ್ನೆರಡು ವರ್ಷ ಕಳೆಯಿತು. 1686ರಲ್ಲಿ ಮರವರ ನಾಡಿಗೆ ಹೋದರು. ಈಗಿನ ರಾಮನಾಥಪುರ ಜಿಲ್ಲೆಯ ಕಡೆ ಅದು, ಸೇತುಪತಿ ರಾಜರ ರಾಜ್ಯ. ರಾಮೇಶ್ವರದ ಸೇತುವೆ ಕಾಯುವವರು ಅನ್ನೋ ಬಿರುದಿನ ಮನೆತನ. ಅಲ್ಲಿ ಈ ಧರ್ಮ ಹೇಳುವುದಕ್ಕೆ ಬಿಡುತ್ತಿರಲಿಲ್ಲ. ಮಂಗಲಂ ಅನ್ನೋ ಊರಲ್ಲಿ ಸೇನಾಪತಿಯ ಕೈಗೆ ಸಿಕ್ಕಿಬಿದ್ದರು. ಜೊತೆಗಿದ್ದ ಉಪದೇಶಿಗಳನ್ನೂ (ಜನರಿಗೆ ಧರ್ಮ ಕಲಿಸುವ ಪಾದ್ರಿಯ ಸಹಾಯಕರು) ಸೇರಿಸಿ ಕಟ್ಟಿಹಾಕಿ ಹೊಡೆದರು, ನೀರಲ್ಲಿ ಮುಳುಗಿಸಿ ಎತ್ತಿದರು. ‘ಶಿವ ಶಿವ’ ಅನ್ನು, ಬಿಟ್ಟುಬಿಡ್ತೀವಿ ಅಂದರು. ಅನ್ನಲಿಲ್ಲ. ಕೊನೆಗೆ ರಾಜ ರಘುನಾಥ ಕಿಳವನ್ ಸೇತುಪತಿಯ ಮುಂದೆ ನಿಲ್ಲಿಸಿದರು. ರಾಜ ಇವರು ಹೇಳಿದ್ದನ್ನೆಲ್ಲ ಕೂತು ಕೇಳಿದ. ಕೊಲ್ಲಲಿಲ್ಲ. ‘ಹೋಗು, ಆದರೆ ನನ್ನ ಸೀಮೆಯಲ್ಲಿ ಇನ್ನು ಇದನ್ನು ಹೇಳಬೇಡ’ ಅಂದ.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಮಿಶನ್ ಪರವಾಗಿ ಇವರನ್ನು ಯುರೋಪಿಗೆ ಕಳಿಸಿದರು. 1688ರಲ್ಲಿ ಲಿಸ್ಬನ್ ಮುಟ್ಟಿದರು. ಬಾಲ್ಯದ ಗೆಳೆಯ ಪೆದ್ರೊ ಈಗ ರಾಜ. ಇಲ್ಲೇ ಇರು, ನನ್ನ ಮಗನಿಗೆ ಗುರುವಾಗು ಅಂದ. ತಾಯಿ ಇನ್ನೂ ಇದ್ದರು. ಅರಮನೆ, ಗೆಳೆಯ, ತಾಯಿ, ಎಲ್ಲ ಒಂದೇ ಊರಲ್ಲಿ. ಅಲ್ಲೂ ಈ ಮನುಷ್ಯ ಸೊಪ್ಪು ತರಕಾರಿ ತಿಂದುಕೊಂಡು ನೆಲದ ಮೇಲೇ ಮಲಗಿದರು. 1690ರಲ್ಲಿ ವಾಪಸ್ ಗೋವಾಕ್ಕೆ ಬಂದರು. ಅಲ್ಲಿಂದ ಮತ್ತೆ, ಧರ್ಮ ಹೇಳಬೇಡ ಅಂದಿದ್ದ ಅದೇ ಮರವರ ನಾಡಿಗೆ.

ಕೊಂದಿದ್ದು ಯಾಕೆ ಅನ್ನೋದು ಬೇರೆಯೇ ದೊಡ್ಡ ಪ್ರಶ್ನೆ. ಹಾವೇರಿಯವರ ಪತ್ರಕ್ಕೆ ಉತ್ತರ ಕೊಡುವಾಗ ಅದಕ್ಕೆ ಬರುತ್ತೇನೆ.

ನಮ್ಮ ಬೆಟಗೇರಿಯಲ್ಲಿ ಪಾದ್ರಿಗಳು ಅಂದರೆ ಹೆಂಡತಿ ಮಕ್ಕಳು ಇದ್ದವರು. ಇವರು ಸನ್ಯಾಸಿ ಅಂತೀರಿ. ಯಾವುದು ಖರೆ?
— ಬೆಟಗೇರಿ, ಗದಗ

ಎರಡೂ ಖರೆ. ನಿಮ್ಮೂರಲ್ಲಿ ಹಿಂದಿನಿಂದ ಇರೋದು ಬಾಸೆಲ್ ಮಿಶನ್. ಅದು ಪ್ರೊಟೆಸ್ಟೆಂಟ್, ಜರ್ಮನ್ ಮತ್ತು ಸ್ವಿಸ್ ಜನ ಕಟ್ಟಿದ್ದು. ಮಂಗಳೂರಿಗೆ 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ಸಾಹೇಬರು ಇದೇ ಮಿಶನ್‌ನವರು. ಇವರ ಪಾದ್ರಿಗಳು ಮದುವೆಯಾಗಬಹುದು. ಕ್ಯಾಥೊಲಿಕ್ ಪಾದ್ರಿಗಳು ಆಗುವಂತಿಲ್ಲ. ಜೆಸ್ಯುಯಿಟ್ ಅನ್ನೋದು ಕ್ಯಾಥೊಲಿಕ್‌ರಲ್ಲೇ ಒಂದು ಸಂಘ. ಬಡತನ, ಬ್ರಹ್ಮಚರ್ಯ, ಹಿರಿಯರ ಮಾತು ಮೀರದಿರುವುದು ಅಂತ ಮೂರು ವ್ರತ ಹಿಡಿದವರು. ಬ್ರಿಟ್ಟೊ ಸತ್ತು ನೂರೈವತ್ತು ವರ್ಷ ಆಗೋ ಹೊತ್ತಿಗೆ ಬಾಸೆಲ್‌ನವರು ನಿಮ್ಮೂರಿಗೆ ಬಂದರು. ಒಬ್ಬರಿಗೂ ಇನ್ನೊಬ್ಬರಿಗೂ ನೇರ ಸಂಬಂಧ ಇಲ್ಲ.

ಪಾದ್ರಿ ಆದವರು ಕಾವಿ ಹಾಕಿಕೊಂಡು ಊರೂರು ತಿರುಗೋದು ಮೋಸ ಅಲ್ವಾ ಸರ್? ನೇರವಾಗಿ ಕೇಳ್ತಿದ್ದೀನಿ, ಬೇಜಾರಾಗಬೇಡಿ.
— ಕಾಲೇಜು ವಿದ್ಯಾರ್ಥಿ, ಧಾರವಾಡ

ಬೇಜಾರು ಯಾಕೆ? ಇದನ್ನು ನಿಮಗಿಂತ ಮೊದಲು ರೋಮ್‌ನಲ್ಲೇ ಕೇಳಿದ್ದಾರೆ. ಅದೂ ಇನ್ನೂ ಖಾರವಾಗಿ.

ಇದನ್ನು ಶುರು ಮಾಡಿದ್ದು ಬ್ರಿಟ್ಟೊ ಅಲ್ಲ. 1606ರಲ್ಲಿ ಮಧುರೈಗೆ ಬಂದ ಇಟಲಿಯ ರಾಬರ್ಟ್ ದೆ ನೊಬಿಲಿ. ಕರಾವಳಿಯ ಪೋರ್ಚುಗೀಸರನ್ನು ಜನ ‘ಪರಂಗಿ’ ಅಂತ ದೂರ ಇಡುತ್ತಿದ್ದರು. ದನದ ಮಾಂಸ ತಿನ್ನೋರು, ಹೆಂಡ ಕುಡಿಯೋರು, ಸ್ನಾನ ಗೀನ ಇಲ್ಲದೋರು ಅಂತ. ಪರಂಗಿಯ ಧರ್ಮ ಅಂದರೆ ಮಾತು ಕೇಳುವವರೇ ಇಲ್ಲ. ನೊಬಿಲಿ ಬ್ರಾಹ್ಮಣ ಸನ್ಯಾಸಿಯ ಥರ ಇದ್ದರು. ಅಡುಗೆಗೂ ಬ್ರಾಹ್ಮಣನೇ. ನಾನು ಪರಂಗಿ ಅಲ್ಲ ಅಂದರು.

ಇದರಲ್ಲಿ ಒಂದು ತೊಡಕು ಇತ್ತು. ಬ್ರಾಹ್ಮಣ ಸನ್ಯಾಸಿಯಂತೆ ಇದ್ದರೆ ಕೆಳಜಾತಿಯವರ ಹತ್ತಿರ ಹೋಗುವ ಹಾಗಿಲ್ಲ. ಆದ್ದರಿಂದ 1640ರ ಸುಮಾರಿಗೆ ಇನ್ನೊಂದು ದಾರಿ ಹಿಡಿದರು. ಬ್ರಾಹ್ಮಣರಲ್ಲದ ಶೈವ ಸಾಧುಗಳು ‘ಪಂಡಾರ’ ಅಂತ ಇರುತ್ತಿದ್ದರು. ಅವರಂತೆ ಇದ್ದರೆ ಎಲ್ಲ ಜಾತಿಯವರ ಜೊತೆಗೂ ಒಡನಾಡಬಹುದು. ಶುರು ಮಾಡಿದ್ದು, ಮೇಲೆ ಹೇಳಿದೆನಲ್ಲ, ಹಡಗಿನಲ್ಲಿ ತೀರಿಕೊಂಡ ಆ ಬಾಲ್ತಸಾರ್ ದ ಕೋಸ್ತಾ ಅವರೇ. ಬ್ರಿಟ್ಟೊ ಕೂಡ ಪಂಡಾರಸ್ವಾಮಿ.

ಇನ್ನು ನಿಮ್ಮ ಪ್ರಶ್ನೆ. ವೇಷ ಅಂದರೆ ಕೆಲಸ ಆದ ಮೇಲೆ ಕಳಚಿಡುವಂಥದ್ದು. ಬ್ರಿಟ್ಟೊ ಲಿಸ್ಬನ್ ಅರಮನೆಯ ಊರಲ್ಲೂ ಮಾಂಸ ಮುಟ್ಟಲಿಲ್ಲ ಅನ್ನೋದನ್ನು ನೋಡಿದರೆ ಇದು ವೇಷ ಅಲ್ಲ, ಬದುಕೇ ಹಾಗಾಗಿತ್ತು ಅಂತ ನನಗನಿಸುತ್ತೆ. ಆದರೆ ‘ನಾವು ಪರಂಗಿಗಳಲ್ಲ’ ಅಂದ ಮಿಶನ್‌ನ ಮಾತು ಅರ್ಧ ಸತ್ಯ. ಕಳಿಸುತ್ತಿದ್ದವನು ಪೋರ್ಚುಗಲ್ ರಾಜ, ದುಡ್ಡು ಬರುತ್ತಿದ್ದದ್ದು ಆ ಕಡೆಯಿಂದ. ಅದನ್ನು ಮುಚ್ಚಿ ಮಾತಾಡೋದು ನನಗೆ ಸರಿ ಕಾಣಲ್ಲ. ಜಾತಿಯ ವಿಷಯದಲ್ಲೂ ಅಷ್ಟೇ. ಎಲ್ಲರ ಜೊತೆ ಒಡನಾಡಿದರು ಅನ್ನೋದು ಹೌದು, ಆದರೆ ಆ ಮಿಶನ್‌ನ ಚರ್ಚುಗಳಲ್ಲೇ ಮೇಲು ಕೀಳು ಅಂತ ಕೂರುವ ಜಾಗ ಬೇರೆ ಬೇರೆ ಇತ್ತು. ಪಾಂಡಿಚೇರಿಗೆ ಬಂದಿದ್ದ ಪೋಪರ ದೂತ ತುರ್ನೊನ್ 1704ರಲ್ಲಿ ಇಂಥ ಹಲವು ಪದ್ಧತಿಗಳನ್ನು ನಿಲ್ಲಿಸಿ ಅಂತ ಆಜ್ಞೆ ಹೊರಡಿಸಿದ. ಅದರಲ್ಲಿ ಕೆಳಜಾತಿಯ ರೋಗಿಗಳ ಮನೆಗೆ ಪಾದ್ರಿಗಳು ಹೋಗಲೇಬೇಕು ಅನ್ನೋದೂ ಇತ್ತು. ಈ ಜಗಳ ನಲವತ್ತು ವರ್ಷ ಎಳೆಯಿತು.

ಅಂದಹಾಗೆ, ಇದು ತಮಿಳುನಾಡಿನ ಕಥೆ ಮಾತ್ರ ಅಲ್ಲ. 1649ರ ಸುಮಾರಿಗೇ ಇಟಲಿಯ ಜೆಸ್ಯುಯಿಟ್ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತಿದ್ದರು. ನಿಮ್ಮ ಹತ್ತಿರದ್ದೇ ಬೇಕು ಅಂದರೆ ಬೈಲಹೊಂಗಲ ಕಡೆಯ ದೇಶನೂರಿಗೆ ಹೋಗಿ ಬನ್ನಿ. ಹೋದ ಶತಮಾನದಲ್ಲಿ ಜೆಸ್ಯುಯಿಟ್‌ರು ಕಾವಿ ಉಟ್ಟು, ಸಸ್ಯಾಹಾರಿಗಳಾಗಿ ನಡೆಸಿದ ವಿರಕ್ತ ಮಠ ಅಲ್ಲಿದೆ. ಧಾರವಾಡದಿಂದ ಬಸ್ಸಿನ ದಾರಿ. ನೋಡಿ ಬಂದು ಮೋಸ ಹೌದೋ ಅಲ್ಲವೋ ನೀವೇ ಹೇಳಿ.

ನಾನು ಶಿಕ್ಷಕಿ. ಈ ಸಂತರ ಕಥೆಯನ್ನು ಇಂಟರ್‌ನೆಟ್‌ನಲ್ಲಿ ಓದಿದೆ. ಒಬ್ಬ ರಾಜಮನೆತನದವನಿಗೆ ಇದ್ದ ಹೆಂಡತಿಯರನ್ನು ಬಿಡಿಸಿದರು, ಅದರಲ್ಲಿ ಒಬ್ಬಳು ದೂರು ಕೊಟ್ಟಳು, ಇವರು ಸತ್ತು ಸಂತರಾದರು. ಆ ಹೆಣ್ಣುಮಕ್ಕಳ ಗತಿ ಏನು ಅಂತ ಯಾರೂ ಬರೆದಿಲ್ಲವಲ್ಲ? ಗಂಡ ಧರ್ಮ ಬದಲಿಸಿದ್ದಕ್ಕೆ ಮನೆಯಿಂದ ಹೊರಬಿದ್ದವರು ಅವರು. ಅವರೇ ಕೆಟ್ಟವರಾದರಾ?
— ಹಾವೇರಿ

ಅಕ್ಕಾರ, ಬಂದ ಪತ್ರಗಳಲ್ಲಿ ನನಗೆ ಉತ್ತರ ಬರೆಯೋಕೆ ಅತಿ ಕಷ್ಟ ಆಗಿದ್ದು ನಿಮ್ಮದೇ.

ಮೊದಲು ನಡೆದದ್ದು ಹೇಳುತ್ತೇನೆ, ಓದದವರಿಗೂ ಗೊತ್ತಾಗಲಿ. ತಡಿಯತೇವನ್ ಅಂತ ಮರವ ರಾಜವಂಶದವನು. ಸಿಂಹಾಸನಕ್ಕೆ ಅವನಿಗೂ ಹಕ್ಕಿತ್ತು, ಬೆಂಬಲಿಗರೂ ಇದ್ದರು. ಅವನಿಗೆ ವಾಸಿಯಾಗದ ಕಾಯಿಲೆ ಬಂತು. ಬ್ರಿಟ್ಟೊ ಅವರನ್ನು ಕರೆಸಿದ. ಅವರು ಮೊದಲು ತಾವು ಹೋಗದೆ ಒಬ್ಬ ಉಪದೇಶಿಯನ್ನು ಕಳಿಸಿದರು. ಉಪದೇಶಿ ಬೈಬಲ್ ಓದಿ ಪ್ರಾರ್ಥನೆ ಮಾಡಿದ, ರೋಗಿ ಚೇತರಿಸಿಕೊಂಡ. ಆಮೇಲೆ ದೀಕ್ಷಾಸ್ನಾನ (ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ಸಂಸ್ಕಾರ) ಕೊಡಿ ಅಂತ ತಡಿಯತೇವನ್ ಹಠ ಹಿಡಿದ. ಬ್ರಿಟ್ಟೊ ಒಂದು ಮಾತು ಹೇಳಿದರು: ಹಲವು ಹೆಂಡಂದಿರು ಇದ್ದರೆ ಆಗಲ್ಲ, ಒಬ್ಬಳೇ ಇರಬೇಕು. ಅವನು ಮೊದಲ ಹೆಂಡತಿಯನ್ನು ಇಟ್ಟುಕೊಂಡು ಉಳಿದವರನ್ನು ಬಿಟ್ಟ. 1693ರ ಜನವರಿ 6ಕ್ಕೆ ಸ್ನಾನ ಆಯ್ತು. ಬಿಟ್ಟವರಲ್ಲಿ ಎಲ್ಲರಿಗಿಂತ ಕಿರಿಯಳು ಕಡಲೈ. ಅವಳು ರಾಜ ಸೇತುಪತಿಯ ಅಣ್ಣತಮ್ಮಂದಿರ ಪೈಕಿಯ ಮಗಳು. ನೇರ ರಾಜನ ಹತ್ತಿರ ಹೋದಳು. ಎರಡೇ ದಿನದಲ್ಲಿ ಬ್ರಿಟ್ಟೊ ಬಂಧನವಾಯ್ತು.

ಸಂತರ ಜೀವನಚರಿತ್ರೆಗಳಲ್ಲಿ ಕಡಲೈ ಬರೋದು ಖಳನಾಯಕಿಯಾಗಿ ಮಾತ್ರ. ಸೇಡಿನ ಹೆಣ್ಣು, ಅಷ್ಟೇ. ನನಗೆ ಅದು ಒಪ್ಪಲ್ಲ. ಅವಳ ಜಾಗದಲ್ಲಿ ನಿಂತು ನೋಡಿ. ಮರವ ಸೀಮೆಯ ರೂಢಿಯಂತೆ ಮದುವೆಯಾದವಳು. ತಪ್ಪು ಏನೂ ಮಾಡಿಲ್ಲ. ಒಂದು ದಿನ ಗಂಡ ಬಂದು, ನಾನು ಹೊಸ ಧರ್ಮ ಹಿಡಿದಿದ್ದೇನೆ, ನಿನ್ನ ಮದುವೆ ಇನ್ನು ಮದುವೆಯಲ್ಲ ಅನ್ನುತ್ತಾನೆ. ಸಿಟ್ಟು ಬರದೆ ಇನ್ನೇನು ಬರಬೇಕು? ತವರು ಮನೆಗೆ ಹೋಗಿ ಅತ್ತಿದ್ದಾಳೆ, ಅವಳ ತವರು ಅರಮನೆಯಾಗಿತ್ತು. ಬೇರೆ ಹೆಂಡಂದಿರಿಗೆ ಅಂಥ ತವರೂ ಇರಲಿಲ್ಲ, ಹಾಗಾಗಿ ಅವರ ಹೆಸರೂ ನಮ್ಮವರೆಗೆ ಬಂದಿಲ್ಲ.

ಆದರೆ ಇನ್ನೊಂದು ಮಗ್ಗುಲನ್ನೂ ನೋಡಿ. ಹಲವು ಹೆಂಡಂದಿರ ಆ ಅರಮನೆಗಳು ಹೆಣ್ಣುಮಕ್ಕಳಿಗೆ ಸ್ವರ್ಗ ಏನಾಗಿರಲಿಲ್ಲ. ಇದೇ ಕಿಳವನ್ ಸೇತುಪತಿ 1710ರಲ್ಲಿ ಸತ್ತಾಗ ಅವನ 47 ಹೆಂಡಂದಿರು ಚಿತೆ ಏರಿದರು ಅಂತ ಆ ಕಾಲದ ಪಾದ್ರಿಗಳ ಪತ್ರ ಹೇಳುತ್ತೆ. ನಲವತ್ತೇಳು! ಲೆಕ್ಕ ಹೆಚ್ಚು ಕಡಿಮೆ ಇರಲಿ ಅಂದುಕೊಂಡರೂ ಎದೆ ಝಲ್ ಅನ್ನುತ್ತೆ. ಒಬ್ಬನಿಗೆ ಒಬ್ಬಳೇ ಅಂದ ಮನುಷ್ಯನನ್ನು ಬರೀ ಮನೆಮುರುಕ ಅನ್ನೋಕೆ ಇದನ್ನು ಓದಿದ ಮೇಲೆ ನನಗೆ ಬಾಯಿ ಬರಲ್ಲ.

ಒಪ್ಪದ ಮಾತು ಒಂದು ಉಳಿಯುತ್ತೆ. ನಿಯಮ ಹಾಕಿದ್ದು ಪಾದ್ರಿ, ಒಪ್ಪಿದ್ದು ಗಂಡ, ಬೆಲೆ ತೆತ್ತವರಲ್ಲಿ ಮೊದಲಿಗರು ಆ ಹೆಂಡಂದಿರು. ಬ್ರಿಟ್ಟೊ ತಮ್ಮ ಪಾಲಿನ ಬೆಲೆಯನ್ನು ತಲೆ ಕೊಟ್ಟು ತೀರಿಸಿದರು. ಅದನ್ನು ಯಾರೂ ಅಲ್ಲಗಳೆಯಲ್ಲ. ಆದರೆ ಹಬ್ಬದ ದಿನದ ಪ್ರವಚನದಲ್ಲಿ ಕಡಲೈಯನ್ನು ಬೈಯೋದನ್ನು ಬಿಟ್ಟರೆ ಸಂತರಿಗೇನೂ ಕಡಿಮೆಯಾಗಲ್ಲ.

ಹಾಗಾದರೆ ಇವರು ಸತ್ತಿದ್ದು ಧರ್ಮಕ್ಕಾಗಿಯೋ, ಅರಮನೆಯ ಜಗಳಕ್ಕಾಗಿಯೋ? ಕುಟುಂಬದ ಜಗಳದಲ್ಲಿ ಸತ್ತವರನ್ನು ಹುತಾತ್ಮ ಅನ್ನಬಹುದಾ?
— ನವಲಗುಂದ

ಅರಮನೆಯ ಜಗಳ ಇತ್ತು, ಅದರಲ್ಲಿ ಅನುಮಾನ ಬೇಡ. ಸಿಂಹಾಸನದ ಮೇಲೆ ಕಣ್ಣಿಟ್ಟವನೊಬ್ಬ ಹೊಸ ಧರ್ಮ ಸೇರಿದ, ಅವನ ಹಿಂದೆ ಜನ ಹೋಗುತ್ತಿದ್ದಾರೆ, ಆ ಧರ್ಮದ ಬೆನ್ನಿಗೆ ಕರಾವಳಿಯಲ್ಲಿ ಹಡಗು ಫಿರಂಗಿ ಇರುವ ಪರದೇಶದವರು ಇದ್ದಾರೆ. ಯಾವ ರಾಜ ಸುಮ್ನೆ ಕೂರುತ್ತಾನೆ? ರಾಮನಾಥಪುರದಲ್ಲೇ ಕೊಂದರೆ ತಡಿಯತೇವನ್ ಕಡೆಯವರು ದಂಗೆ ಏಳಬಹುದು ಅಂತ ಹೆದರಿ, ಗಡಿಯ ಓರಿಯೂರಿನಲ್ಲಿ ಅಧಿಕಾರ ನಡೆಸುತ್ತಿದ್ದ ತಮ್ಮನ ಹತ್ತಿರ ಕಳಿಸಿದ. ಮೇಲ್ನೋಟಕ್ಕೆ ಗಡೀಪಾರು, ಒಳಗಿಂದ ಮರಣದಂಡನೆಯ ಆಜ್ಞೆ.

ಆದರೂ ಹುತಾತ್ಮ ಅನ್ನೋದಕ್ಕೆ ಚರ್ಚ್ ನೋಡುವುದು ಎರಡು ವಿಷಯ. ಕೊಲ್ಲುವವನಿಗೆ ಆ ನಂಬಿಕೆಯ ಮೇಲೆ ದ್ವೇಷ ಇತ್ತಾ? ಸತ್ತವನು ನಂಬಿಕೆಯನ್ನು ಬಿಡದೆ, ಸಾವನ್ನು ಒಪ್ಪಿಕೊಂಡು ಸತ್ತನಾ? ನಂಬಿಕೆ ಅಂದರೆ ಬರೀ ಮಂತ್ರ ಪ್ರಾರ್ಥನೆ ಅಲ್ಲ, ಅದರ ನೀತಿಯೂ ಅದರೊಳಗೇ ಸೇರಿದ್ದು. ಬೈಬಲ್‌ನಲ್ಲಿ ಸ್ನಾನಿಕ ಯೋಹಾನ ಸತ್ತಿದ್ದೂ ಒಂದು ಮದುವೆಯ ವಿಷಯಕ್ಕೇ. ಅಣ್ಣನ ಹೆಂಡತಿಯನ್ನು ಇಟ್ಟುಕೊಳ್ಳೋದು ತಪ್ಪು ಅಂತ ರಾಜ ಹೆರೋದನಿಗೆ ಹೇಳಿದ, ತಲೆ ಹೋಯಿತು. ಬ್ರಿಟ್ಟೊ ಹೆಸರೂ ಜಾನ್, ಅಂದರೆ ಯೋಹಾನ. ಕ್ಯಾಥೊಲಿಕ್‌ರು ಈ ಇಬ್ಬರನ್ನು ಜೋಡಿಸಿ ಹೇಳೋದು ಅದಕ್ಕೇ.

ನನ್ನ ಲೆಕ್ಕ ಇನ್ನೂ ಸರಳ. ತಪ್ಪಿಸಿಕೊಳ್ಳುವ ಬಾಗಿಲು ತೆರೆದಿದ್ದಾಗ ಮನುಷ್ಯ ಏನು ಮಾಡಿದ ನೋಡಿ. 1686ರಲ್ಲಿ ಎರಡು ಅಕ್ಷರ ಅಂದಿದ್ದರೆ ಸಾಕಿತ್ತು. 1688ರಲ್ಲಿ ಲಿಸ್ಬನ್‌ನಲ್ಲೇ ಉಳಿದಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. 1693ರ ಹೊಸ ವರ್ಷಕ್ಕೆ ತಡಿಯತೇವನ್‌ಗೆ ‘ಹೆಂಡಂದಿರ ವಿಷಯ ಆಮೇಲೆ ನೋಡೋಣ ಬಿಡಪ್ಪ’ ಅಂದಿದ್ದರೂ ನಡೀತಿತ್ತು. ರಾಜಕೀಯ ಲಾಭ ನೋಡುವವನಾಗಿದ್ದರೆ ಹಾಗೇ ಅನ್ನುತ್ತಿದ್ದ. ಮುಂದಿನ ರಾಜನಾಗಬಹುದಾದ ಮನುಷ್ಯ ಕೈಗೆ ಸಿಕ್ಕಿದ್ದಾನೆ, ಯಾರು ಬಿಡ್ತಾರೆ? ಇವರು ಷರತ್ತು ಸಡಿಲಿಸಲಿಲ್ಲ. ಜಗಳ ಅರಮನೆಯದೇ ಇರಲಿ, ಇವರು ಅದರಲ್ಲಿ ಬಿದ್ದದ್ದು ನಂಬಿಕೆಯ ಕಾರಣಕ್ಕೆ.

ಕೊನೆಯ ದಿನಗಳ ಒಂದು ಸಂಗತಿ ಹೇಳಬೇಕು. ಫೆಬ್ರವರಿ 3ರಂದು ಓರಿಯೂರಿನ ಸೆರೆಮನೆಯಿಂದ ತಮ್ಮ ಮೇಲಿನ ಪಾದ್ರಿಗೆ ಪತ್ರ ಬರೆದರು. ಶಾಯಿ ಇಲ್ಲ, ಲೇಖನಿ ಇಲ್ಲ. ಇದ್ದಿಲನ್ನು ಅರೆದು ನೀರಲ್ಲಿ ಕಲಸಿ, ಹುಲ್ಲುಕಡ್ಡಿ ಅದ್ದಿ ಬರೆದಿದ್ದು. ಅದರಲ್ಲಿ ಗೋಳಿಲ್ಲ. ನನ್ನ ಮೇಲಿರುವ ಅಪರಾಧ ಇಷ್ಟೇ, ದೇವರ ಮಾತು ಹೇಳಿದ್ದು, ಸಾವಿಗೆ ಕಾಯುತ್ತಿದ್ದೇನೆ ಅನ್ನೋ ಧಾಟಿಯ ಪತ್ರ. ಮಾರನೆಯ ದಿನ ಬುಧವಾರ, ಕ್ರೈಸ್ತರು ಹಣೆಗೆ ಬೂದಿ ಇಟ್ಟುಕೊಂಡು ಉಪವಾಸ ಕಾಲ ಶುರು ಮಾಡುವ ಬೂದಿ ಬುಧವಾರ. ಊರ ಹೊರಗೆ ಕರೆದುಕೊಂಡು ಹೋದರು. ಕಡಿಯುವವನನ್ನು ಇವರು ತಬ್ಬಿಕೊಂಡರಂತೆ. ಕೊರಳಲ್ಲಿ ಒಂದು ದಾರ ಇತ್ತು, ಅದಕ್ಕೆ ಕಟ್ಟಿದ್ದು ಏನೋ ಮಾಟ ಮಂತ್ರ ಅಂತ ಅವನಿಗೆ ಭಯ. ಮೊದಲು ದಾರ ಕತ್ತರಿಸಿದ, ಆಮೇಲೆ ತಲೆ. ಇನ್ನೂ 46 ತುಂಬಿರಲಿಲ್ಲ.

ಒಂದು ಸಣ್ಣ ಡೌಟು. ಸತ್ತಿದ್ದು 1693, ಸಂತ ಅಂತ ಮಾಡಿದ್ದು 1947 ಅಂತೆ. ಇಷ್ಟು ತಡ ಯಾಕೆ? ಸರ್ಕಾರಿ ಫೈಲಿಗಿಂತ ನಿಧಾನ ಆಯ್ತಲ್ಲ!
— ಶಿಗ್ಗಾವಿ

ಮೇಲೆ ಹೇಳಿದ ಕಾವಿ ಜಗಳವೇ ಕಾರಣಗಳಲ್ಲಿ ಒಂದು. ಇವರು ಅನುಸರಿಸಿದ ಪದ್ಧತಿಗಳೇ ತಪ್ಪು ಅನ್ನೋರು ರೋಮ್‌ನಲ್ಲಿ ಬಹಳ ಇದ್ದರು. ತಪ್ಪು ಪದ್ಧತಿಯವನನ್ನು ಸಂತ ಅನ್ನೋದು ಹೇಗೆ? 1741ರಲ್ಲಿ ಪೋಪ್ 14ನೇ ಬೆನೆಡಿಕ್ಟ್, ಆ ಕಾರಣಕ್ಕೆ ಇವರ ಫೈಲು ನಿಲ್ಲಿಸಬೇಕಾಗಿಲ್ಲ ಅಂದರು. ತಮಾಷೆ ಅಂದರೆ ಅದೇ ಪೋಪ್ 1744ರಲ್ಲಿ ಆ ಪದ್ಧತಿಗಳಿಗೆ ಕಡಿವಾಣ ಹಾಕಿದರು. ಆಮೇಲೆ 1773ರಲ್ಲಿ ಜೆಸ್ಯುಯಿಟ್ ಸಂಘವನ್ನೇ ರೋಮ್ ಮುಚ್ಚಿಬಿಟ್ಟಿತು. ಫೈಲು ಹಿಡಿದು ಓಡಾಡುವವರೇ ಇಲ್ಲ. 1814ರಲ್ಲಿ ಸಂಘ ಮತ್ತೆ ಜೀವ ಪಡೆಯಿತು. 1853ರಲ್ಲಿ ಸಂತ ಪದವಿಗೆ ಹಿಂದಿನ ಮೆಟ್ಟಿಲಾದ ‘ಪುನೀತ’ ಪದವಿ, 1947ರ ಜೂನ್ 22ರಂದು ಪೋಪ್ 12ನೇ ಪಿಯುಸ್ ಅವರಿಂದ ಸಂತ ಪದವಿ. ನಮಗೆ ಸ್ವಾತಂತ್ರ್ಯ ಬರೋಕೆ ಎರಡು ತಿಂಗಳು ಬಾಕಿ ಇತ್ತು.

ಬ್ರಿಟ್ಟೊ ಕಾಲದಲ್ಲಿ ನಮ್ಮ ಕಡೆ ಏನು ನಡೀತಿತ್ತು?
— ರಾಣೆಬೆನ್ನೂರು

ಒಳ್ಳೆ ಪ್ರಶ್ನೆ. ನಾನೂ ಹೀಗೆ ಜೋಡಿಸಿ ಓದುವವನೇ. ಇವರು ಗೋವಾದಲ್ಲಿ ಇಳಿದ 1673ರಲ್ಲೇ ಶಿವಾಜಿಯ ಸೈನ್ಯ ಹುಬ್ಬಳ್ಳಿ ಪೇಟೆಯನ್ನು ಲೂಟಿ ಮಾಡಿತ್ತು. ಇಂಗ್ಲಿಷರ ಕೋಠಿಯನ್ನೂ ಬಿಡಲಿಲ್ಲ. ಅದೇ ವರ್ಷ ಮೈಸೂರಲ್ಲಿ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬಂದರು. ನಿಮ್ಮ ಪಕ್ಕದ ಕೆಳದಿಯಲ್ಲಿ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದರು. ಇವರನ್ನು ಮಂಗಲಂನಲ್ಲಿ ಹಿಡಿದು ಹೊಡೆದ 1686ರಲ್ಲೇ ವಿಜಾಪುರ ಔರಂಗಜೇಬನ ಕೈಸೇರಿತು. ಅಂದರೆ ದಕ್ಷಿಣದಲ್ಲಿ ಎಲ್ಲ ರಾಜರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದ ಕಾಲ. ಪರದೇಶದ ಸನ್ಯಾಸಿಯ ಹಿಂದೆ ಜನ ಸೇರಿದರೆ ಸೇತುಪತಿಗೆ ನಿದ್ದೆ ಬರದೇ ಇದ್ದದ್ದು ಯಾಕೆ ಅಂತ ಇದರಿಂದಲೂ ತಿಳಿಯುತ್ತೆ.

ಓರಿಯೂರಿನ ಮಣ್ಣು ಇವರ ರಕ್ತದಿಂದ ಕೆಂಪಾಗಿದೆ ಅಂತಾರೆ. ಖರೇನಾ? ಹೋಗಿ ನೋಡಬೇಕಂದ್ರ ಹ್ಯಾಂಗ ಹೋಗಬೇಕು?
— ಕುಂದಗೋಳ

ಅಲ್ಲಿ ಮರಳು ಕೆಂಪಾಗಿರೋದು ಖರೆ. ರಕ್ತ ಬಿದ್ದಿದ್ದಕ್ಕೆ ಕೆಂಪಾಯ್ತು ಅನ್ನೋದು ಭಕ್ತರ ನಂಬಿಕೆ. ತಮಿಳುನಾಡಿನ ದಕ್ಷಿಣದಲ್ಲಿ ಕೆಂಪು ಮರಳಿನ ಜಾಗ ಬೇರೆ ಕಡೆಯೂ ಇವೆ, ಮಣ್ಣಿನ ಕಬ್ಬಿಣದ ಅಂಶಕ್ಕೆ ಹಾಗಾಗುತ್ತೆ. ಭಕ್ತರಿಗೆ ಇದನ್ನು ಹೇಳಿ ಜಗಳಕ್ಕೆ ಹೋಗಬೇಡಿ. ಕ್ರೈಸ್ತರಲ್ಲದವರೂ ಅಲ್ಲಿಗೆ ಹರಕೆ ಹೊತ್ತು ಬರುತ್ತಾರೆ, ಮರಳನ್ನು ಮನೆಗೆ ಒಯ್ಯುತ್ತಾರೆ.

ಹೋಗೋದು ಹೇಗೆ ಅಂದರೆ, ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿ ಗಾಡಿ ಬದಲಿಸಿ ಮಧುರೈ. ಓರಿಯೂರು ಇರೋದು ರಾಮನಾಥಪುರ ಜಿಲ್ಲೆಯ ತಿರುವಾಡಾನೈ ಕಡೆ. ಮಧುರೈನಿಂದ ಬಸ್ಸು ಬದಲಿಸುತ್ತಾ ಹೋಗಬೇಕು. ಫೆಬ್ರವರಿ 4ರ ಆಸುಪಾಸು ಹೋದರೆ ಹಬ್ಬ ಸಿಗುತ್ತೆ, ಜನವೂ ಜಾಸ್ತಿ. ಬೇಸಿಗೆಯಲ್ಲಿ ಮಾತ್ರ ಬೇಡ. ರಾಮನಾಥಪುರ ಸೀಮೆಯ ಬಿಸಿಲು ಅಂದರೆ ನಮ್ಮ ರೋಣದ ಬಿಸಿಲಿಗೆ ಸಮುದ್ರದ ಬೆವರು ಸೇರಿದ್ದು. ರಾಮೇಶ್ವರವನ್ನೂ ಸೇರಿಸಿಕೊಂಡು ಹೋದರೆ ಮನೆಯ ಹಿರಿಯರೂ ಜೊತೆಗೆ ಹೊರಡುತ್ತಾರೆ.